ಪೂಜೆಗಿಟ್ಟ ಬೆಲ್ಟು

"ಕಾಲು ಹೊರಗೆ ತೆಗಿ ಬೇವರ್ಸಿ. ಕಣ್ಣು ಎಲ್ಲಿ ಇಟ್ಟು ಬಂದಿದ್ದಿ?"

ಕಾಶಪ್ಪ ಗೋಡೌನಿನ ಹೊಸ್ತಿಲು ದಾಟಿಸಿದ್ದ ಕಾಲನ್ನು ಹಿಂದಕ್ಕೆ ತೆಗೆದುಕೊಂಡ. ಚಪ್ಪಲಿ ಹೊರಗೇ ಬಿಟ್ಟಿದ್ದ. ರಂಗೋಲಿಯ ನವಿಲಿನ ಬಾಲ ಅವನ ಅಂಗಾಲಿಗೆ ಅಂಟಿಕೊಂಡು ಬಂತು. ಸೂಪರ್‌ವೈಸರ್ ಸುಹಾಸ ಬಗ್ಗಿ ನವಿಲನ್ನು ನೋಡಿದ, ತಲೆಯೆತ್ತಿ ಕಾಶಪ್ಪನನ್ನು ನೋಡಿದ, ಇಬ್ಬರಲ್ಲಿ ಯಾರಿಗೆ ಹೆಚ್ಚು ಪೆಟ್ಟಾಗಿದೆ ಎಂದು ಅಳೆದವನಂತೆ ನವಿಲಿಗೆ ಅಯ್ಯೋ ಅಂದ.

ಅಂದು ಖಂಡೇನವಮಿ. ಘಾಟ್ಕೋಪರ್‌ನ ಗುಡ್ಡದ ಬುಡದಲ್ಲಿದ್ದ ಕಾಂಟ್ರ್ಯಾಕ್ಟರ್ ಶೇಠ್‌ನ ಗೋಡೌನಿನಲ್ಲಿ ಆಯುಧಪೂಜೆ ಆಗಷ್ಟೇ ಮುಗಿದಿತ್ತು. ಶೇಠ್ ಅಂದರೆ ಗುಜರಾತಿಯೇನಲ್ಲ, ಕನ್ನಡದವನೇ. ಮುಂಬೈಗೆ ಬಂದು ಲಾರಿಗಳನ್ನು ಕೊಂಡ ಮೇಲೆ ಹೆಸರು ಉದುರಿ ಶೇಠ್ ಉಳಿದಿತ್ತು. ಅವನು ಊರಿಗೆ ಹೋಗಿದ್ದರಿಂದ ಹೆಂಡತಿ ವಿನೋದಿನಿ ಮೇಡಂ ಪೂಜೆಗೆ ಕೂತಿದ್ದರು.

ಕಾಶಪ್ಪ ಬಂದದ್ದು ಪೂಜೆ ನೋಡಲಿಕ್ಕಲ್ಲ. ಗುಡ್ಡದ ಮೇಲಿನ ಚಾಳುಗಳಿಗೆ ಇನ್ನೂ ಕಂಬದ ಮೇಲಿನ ತಂತಿಯೇ ಗತಿ. ಯಾವುದೋ ನವರಾತ್ರಿ ಮಂಡಳಿಯವರು ಕಟ್ಟಿದ್ದ ಬ್ಯಾನರ್ ಗಾಳಿಗೆ ಹರಿದು ಆ ತಂತಿಯ ಮೇಲೆ ಬಿದ್ದು, ಗೋಡೌನಿನ ಎದುರಿನ ಕಂಬದ ಹತ್ತಿರವೇ ತಂತಿ ಸುಟ್ಟು ಬಿಟ್ಟುಕೊಂಡಿತ್ತು. ಸಂಜೆ ಗುಡ್ಡದ ಮೇಲೆ ಗರ್ಬಾ ಕುಣಿತ. ಮಂಡಳಿಯವರಿಂದ ಕರೆಂಟ್ ಕಂಪನಿಯ ಆಫೀಸಿಗೆ, ಆಫೀಸಿನಿಂದ ಸುಹಾಸನಿಗೆ, ಸುಹಾಸನಿಂದ ಕಾಶಪ್ಪನಿಗೆ ಫೋನ್ ಬಂದಿತ್ತು. ಅಷ್ಟು ಮೇಲಿನಿಂದ ಇಷ್ಟು ಕೆಳಗೆ ಬರುವಷ್ಟರಲ್ಲಿ ಮಾತಿನೊಳಗಿನ 'ದಯವಿಟ್ಟು' ಎಲ್ಲೋ ಕಳೆದುಹೋಗಿ, ಅದರ ಜಾಗಕ್ಕೆ ಕಾಶಪ್ಪನ ಅವ್ವನ ಹೆಸರು ಬಂದು ಕೂತಿತ್ತು. ಅವನು ಕಂಬ ಹತ್ತುವ ಸಾಮಾನು ಒಯ್ಯಲು ಬಂದಿದ್ದ.

ಸಾಮಾನು ಎದುರಿಗೇ ಇತ್ತು. ಕೆಂಪು ಬಟ್ಟೆ ಹಾಸಿದ ಮೇಜಿನ ನಡುವೆ ಸೇಫ್ಟಿ ಬೆಲ್ಟು, ಅದರ ಎರಡು ಉಕ್ಕಿನ ಕೊಕ್ಕೆಗಳು ಎರಡು ಪಕ್ಕದಲ್ಲಿ ಬೆಳ್ಳಿ ದೀಪಗಳ ಹಾಗೆ. ರಬ್ಬರಿನ ಕೈಗವಸುಗಳ ಹತ್ತೂ ಬೆರಳಿಗೆ ಕುಂಕುಮ. ತುದಿಗೆ ಕೊಕ್ಕೆ ಇರುವ, ತಂತಿಯ ಕರೆಂಟನ್ನು ನೆಲಕ್ಕೆ ಇಳಿಸುವ ಉದ್ದನೆಯ ಅರ್ಥಿಂಗ್ ಕೋಲಿಗೆ ಅರಿಶಿನ ಬಳಿದು, ತೆಂಗಿನಕಾಯಿ ನೀರು ಎರೆದು, ಚೆಂಡುಹೂವು ಸುತ್ತಿದ್ದರು. ಹೆಲ್ಮೆಟ್ಟನ್ನು ಮಗುಚಿ ಇಟ್ಟು ಅದರಲ್ಲಿ ಬಾಳೆಹಣ್ಣು ತುಂಬಿದ್ದರು. ಈ ಹೆಲ್ಮೆಟ್ಟು ಇಷ್ಟು ಉಪಯೋಗಕ್ಕೆ ಬಂದದ್ದನ್ನು ಕಾಶಪ್ಪ ಇದೇ ಮೊದಲು ನೋಡಿದ್ದು.

ಬೆಲ್ಟಿನ ಕಥೆ ಹೀಗೆ. ಹೋದ ಮಳೆಗಾಲದಲ್ಲಿ ಕಾಶಪ್ಪನ ಅಕ್ಕ ನಾಗವ್ವನ ಗಂಡ ಗುರುಬಸವ ಇದೇ ಓಣಿಯ ಕಂಬ ಹತ್ತಿದ್ದ. ಲೈನ್ ಬಂದ್ ಆಗಿದೆ ಎಂದು ಸುಹಾಸ ಫೋನಿನಲ್ಲಿ ಹೇಳಿದ್ದ, ಬಂದ್ ಆಗಿದ್ದದ್ದು ನಿಜವೂ ಹೌದು. ಆದರೆ ಯಾರದೋ ಅಂಗಡಿಯಲ್ಲಿ ಜನರೇಟರ್ ನಡೆದಿತ್ತು, ಆ ಕರೆಂಟು ಹಿಂದಿನಿಂದ ತಂತಿಗೆ ಹರಿದು ಬಂತು. ದೊಡ್ಡ ಶಾಕೇನಲ್ಲ. ಕೈ ಬಿಡುವಷ್ಟು. ಕರೆಂಟಿನಿಂದ ಅವನು ಸಾಯಲಿಲ್ಲ, ಕೆಳಗಿದ್ದ ಗಟಾರದ ಕಲ್ಲಿನಿಂದ ಸತ್ತ. ಸೊಂಟಕ್ಕೊಂದು ಬೆಲ್ಟು ಇದ್ದಿದ್ದರೆ ಕೈ ಬಿಟ್ಟರೂ ಕಂಬಕ್ಕೆ ಜೋತುಬಿದ್ದಿರುತ್ತಿದ್ದ ಎಂದು ಅಂದು ಎಲ್ಲರೂ ಹೇಳಿದರು. ಸುಹಾಸನೂ ಹೇಳಿದ.

ಅದಾದ ಮೇಲೆ ಆಫೀಸಿನವರು ಹೆದರಿ, ಬೆಲ್ಟು ಇಲ್ಲದೆ ಯಾರೂ ಕಂಬ ಹತ್ತಕೂಡದು, ಬೆಲ್ಟು ಹಾಕಿಕೊಂಡ ಫೋಟೊ ಕಳಿಸಬೇಕು ಎಂದು ಕಟ್ಟಪ್ಪಣೆ ಮಾಡಿದರು. ಶೇಠ್ ಒಂದು ಸೆಟ್ಟು ತರಿಸಿದ. ಸುಹಾಸ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ. ಕೆಲಸ ಇದ್ದಾಗ ಹೊರಗೆ ತೆಗೆದು, ಕಂಬದ ಬುಡದಲ್ಲಿ ಒಬ್ಬೊಬ್ಬರಿಗೂ ತೊಡಿಸಿ, ನಗು ಎಂದು ಹೇಳಿ ಫೋಟೊ ಹೊಡೆದು, ಬಿಚ್ಚಿಸಿ ಚೀಲಕ್ಕೆ ಹಾಕಿಕೊಂಡು ಬಾಂದ್ರಾಕ್ಕೋ ಅಂಧೇರಿಗೋ ಮುಂದಿನ ಗ್ಯಾಂಗಿನ ಫೋಟೊಕ್ಕೆ ಹೋಗುತ್ತಿದ್ದ. ಆಮೇಲೆ ಕಾಶಪ್ಪ ಒಂದು ಕೈಯಲ್ಲಿ ಕಂಬ ಅಪ್ಪಿಕೊಂಡು ಇನ್ನೊಂದು ಕೈಯಲ್ಲಿ ಕೆಲಸ ಮಾಡುತ್ತಿದ್ದ. ಸುಹಾಸನ ತರ್ಕದಲ್ಲಿ ದೋಷವಿರಲಿಲ್ಲ. ಬಳಸಿದರೆ ಬೆಲ್ಟು ಸವೆಯುತ್ತದೆ, ಸವೆದರೆ ತಪಾಸಣೆಯಲ್ಲಿ ಫೇಲಾಗುತ್ತದೆ, ಫೇಲಾದರೆ ಸುರಕ್ಷತೆ ಎಲ್ಲಿಂದ ಬರಬೇಕು.

ವಿನೋದಿನಿ ಮೇಡಂ ಒಳ್ಳೆಯವರು. ಕಾಶಪ್ಪ ಬಾಗಿಲಲ್ಲಿ ನಿಂತದ್ದು ನೋಡಿ ಪಾಪ ಅಂದರು, ಲಾಡು ತಂದರು. ಅವನು ಎರಡೂ ಕೈ ಜೋಡಿಸಿ ಬೊಗಸೆ ಮಾಡಿದ. ಮೇಡಂ ಗೇಣು ಎತ್ತರದಿಂದ ಲಾಡನ್ನು ಬೊಗಸೆಗೆ ಬೀಳಿಸಿದರು. ಲಾಡು ಒಡೆಯಲಿಲ್ಲ. ಅಷ್ಟು ಎತ್ತರದಿಂದ ಒಡೆಯದ ಹಾಗೆ ಬೀಳಿಸುವುದಕ್ಕೆ ತಲೆಮಾರುಗಳ ಅಭ್ಯಾಸ ಬೇಕು. ಮುಂಬೈಯಲ್ಲಿ ಯಾರೂ ಜಾತಿ ಕೇಳುವುದಿಲ್ಲ ಅನ್ನುತ್ತಾರೆ. ನಿಜವೇ. ಮೇಡಂ ಕೂಡ ಕಾಶಪ್ಪ ಕೆಲಸಕ್ಕೆ ಸೇರಿದಾಗ ಯಾವ ಊರು ಎಂದು ಕೇಳಿದ್ದರು, ವಿಜಯಪುರದ ಕಡೆ ಅಂದಾಗ ಊರೊಳಗೋ ಕೇರಿಯೋ ಎಂದು ಕೇಳಿದ್ದರು, ಅಷ್ಟೇ.

ಕಾಶಪ್ಪ ಲಾಡನ್ನು ಜೇಬಿಗೆ ಹಾಕಿಕೊಂಡು ಬೆಲ್ಟು ಕೇಳಿದ.

"ಎಂತ ಬೆಲ್ಟ್ ಮಾರಾಯ?" ಅಂದ ಸುಹಾಸ. "ಪೂಜೆಗೆ ಇಟ್ಟಾಗಿದೆ, ಕಾಣುದಿಲ್ವಾ? ನಾಳೆ ಬೆಳಿಗ್ಗೆವರೆಗೆ ಮುಟ್ಟಬಾರದು ಅಂತ ಭಟ್ಟರು ಹೇಳಿ ಹೋಗಿದ್ದಾರೆ."

"ಕಂಬಾ ಏರೂದು ಹ್ಯಾಂಗ್ರಿ ಮತ್ತ?"

"ದಿನಾ ಹೇಗೆ ಹತ್ತುವುದು? ಹಾಗೇ. ಫೋಟೊ ನನ್ನ ಹತ್ರ ಹಳೇದು ಉಂಟು, ಅದನ್ನೇ ಕಳಿಸ್ತೇನೆ."

ಗುಡ್ಡದ ಮೇಲೆ ಮಂಡಳಿಯವರ ಜನರೇಟರ್ ಸದ್ದು ಮಾಡುತ್ತಿತ್ತು. ಸಂಜೆಯ ಹಾಡುಗಳನ್ನು ಅದರ ಮೇಲೆ ಈಗಲೇ ಪರೀಕ್ಷೆ ಮಾಡುತ್ತಿದ್ದರು. ಕಾಶಪ್ಪ ಆ ಕಡೆ ಕಿವಿಗೊಟ್ಟ. ಜನರೇಟರ್ ನಡೆದಿದೆ, ಅರ್ಥಿಂಗ್ ಕೋಲಾದರೂ ಕೊಡಿ, ಇಲ್ಲದಿದ್ದರೆ ತಾನು ಹತ್ತುವುದಿಲ್ಲ ಎಂದ.

ಸುಹಾಸನಿಗೆ ಕೋಪ ಬರಲಿಲ್ಲ. ಗೋಡೆಯ ನೆರಳಲ್ಲಿ ಬೀಡಿ ಸೇದುತ್ತ ಕೂತಿದ್ದ ಸಂತುವನ್ನು ಕೂಗಿ, ನೀನು ಹತ್ತು ಎಂದ, ಅಷ್ಟೇ. ಸಂತು ಕಾಶಪ್ಪನ ಊರಿನವನೇ, ಅವನ ಜೋಡಿಯೇ ಈ ಕೆಲಸಕ್ಕೆ ಬಂದವನು. ಚಾಳಿನ ಖೋಲಿಯಲ್ಲಿ ಬಸುರಿ ಹೆಂಡತಿ ಇದ್ದಳು. ಅವನು ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡು, ಯಾರ ಮುಖವನ್ನೂ ನೋಡದೆ ಎದ್ದು ಏಣಿಯ ಕಡೆ ನಡೆದ. ಇದು ಸುಹಾಸನ ಹಳೆಯ ವಿದ್ಯೆ. ಇಲ್ಲ ಅಂದವನನ್ನು ಅವನು ಬೈಯುತ್ತಿರಲಿಲ್ಲ, ಪಕ್ಕದವನನ್ನು ಕಳಿಸುತ್ತಿದ್ದ. ಅದನ್ನು ನೋಡಿಕೊಂಡು ನಿಲ್ಲುವುದಕ್ಕಿಂತ ತಾನೇ ಹತ್ತುವುದು ವಾಸಿ ಎಂದು ಇಲ್ಲ ಅಂದವನೇ ಮತ್ತೆ ಬರುತ್ತಿದ್ದ.

"ನಿಂದ್ರೋ ಸಂತ್ಯಾ," ಅಂದ ಕಾಶಪ್ಪ. "ನಾ ಏರ್ತೀನಿ."

ಏರುತ್ತೇನೆ ಅಂದನೇ ಹೊರತು ಕಾಲು ಕೀಳಲಿಲ್ಲ. ಅವನಿಗೆ ಸಾಯಲು ಮನಸ್ಸಿರಲಿಲ್ಲ. ಇನ್ನೂ ಮೂವತ್ತು ದಾಟಿರಲಿಲ್ಲ, ಎದುರಿಗೆ ನಾಲ್ಕು ಹೆಜ್ಜೆಯಲ್ಲಿ ಬೆಲ್ಟು ಹೂವು ಮುಡಿದು ಕೂತಿತ್ತು.

ನಾಗವ್ವ ಗೋಡೌನಿನ ಹಿಂದಿನ ನಲ್ಲಿಯಲ್ಲಿ ಪೂಜೆಯ ಪಾತ್ರೆ ತೊಳೆಯುತ್ತಿದ್ದಳು. ಗಂಡ ಸತ್ತ ಮೇಲೆ ಶೇಠ್ ದೊಡ್ಡ ಮನಸ್ಸು ಮಾಡಿ ಅವಳಿಗೆ ಗೋಡೌನು ಗುಡಿಸುವ ಕೆಲಸ ಕೊಟ್ಟಿದ್ದ. ಆ ಕೊಕ್ಕೆಗಳನ್ನು ಹುಣಸೆಹಣ್ಣು ಹಚ್ಚಿ ಹೊಳೆಯುವಂತೆ ತಿಕ್ಕಿದವಳೂ ಅವಳೇ. ತಿಕ್ಕಿ ಕೊಟ್ಟ ಮೇಲೆ, ಪೂಜೆ ಮುಗಿಯುವ ತನಕ ನೀನು ಎದುರಿಗೆ ಬರಬೇಡ ಎಂದು ಸುಹಾಸ ಹಿಂದಕ್ಕೆ ಕಳಿಸಿದ್ದ. ಗಂಡ ಸತ್ತವಳು, ಅದರ ಮೇಲೆ ಕೇರಿಯವಳು. ಎರಡು ಕಾರಣಗಳಲ್ಲಿ ಯಾವುದಕ್ಕೆ ಎಂದು ಅವನು ಬಿಡಿಸಿ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಈಗ ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಮುಂದೆ ಬಂದಳು. ರಂಗೋಲಿಯ ಮೇಲೇ ನಡೆದು ಒಳಗೆ ಹೋದಳು.

ಸುಹಾಸ ಏ ಏ ಅಂದ. ವಿನೋದಿನಿ ಮೇಡಂ ಸೆರಗು ಮುದುಡಿ ಹಿಡಿದುಕೊಂಡು ಗೋಡೆಗೆ ಸರಿದರು. ನಾಗವ್ವ ಬೆಲ್ಟಿನ ಮೇಲಿನ ಹೂವನ್ನು ಎತ್ತಿ ಬಾಳೆಹಣ್ಣಿನ ಮೇಲಿಟ್ಟಳು. ಬೆಲ್ಟನ್ನು ಕೈಗೆತ್ತಿಕೊಂಡಳು.

"ಏ ಹಲ್ಕಟ್ ಹೆಂಗ್ಸೇ, ಕೆಳಗಿಡು ಅದನ್ನು. ಪೂಜೆ ಮೈಲಿಗೆ ಮಾಡ್ತಿಯಾ?"

"ಹೊರಗ ನಿಂದ್ರು ಅಂದ್ರಿ, ನಿಂತೀನಿ," ಅಂದಳು ನಾಗವ್ವ. ದನಿ ಏರಿಸಲಿಲ್ಲ. "ಮಾರಿ ತೋರಸಬ್ಯಾಡ ಅಂದ್ರಿ, ಹಿಂದ ಸರದೀನಿ. ಈ ಬೆಲ್ಟ್ ಯಾರ ಹೆಣದ ಮ್ಯಾಲ ಬಂತ್ರೀ ಸಾಹೇಬ್ರ? ನನ್ನ ಗಂಡನ ಹೆಣದ ಮ್ಯಾಲ. ಹಂಗಿದ್ರ ಇದಕ್ಕ ನನಗಿಂತ ಹತ್ತರದಾಕಿ ಇಲ್ಲಿ ಯಾವಾಕಿ ಅದಾಳ?"

ಇದಕ್ಕೆ ಉತ್ತರ ಇದ್ದರೆ ಭಟ್ಟರ ಹತ್ತಿರ ಇರಬೇಕು, ಭಟ್ಟರು ದಕ್ಷಿಣೆ ತೆಗೆದುಕೊಂಡು ಹೋಗಿಬಿಟ್ಟಿದ್ದರು. ನಾಗವ್ವ ಹೊರಗೆ ಬಂದು ತಮ್ಮನ ಸೊಂಟಕ್ಕೆ ಬೆಲ್ಟು ಸುತ್ತಿ ಬಕಲ್ ಎಳೆದು ಬಿಗಿದಳು. ಮತ್ತೆ ಒಳಗೆ ಹೋಗಿ ಕೈಗವಸು ತಂದಳು, ಅರ್ಥಿಂಗ್ ಕೋಲು ತಂದಳು. ಕೋಲು ಇನ್ನೂ ತೆಂಗಿನಕಾಯಿ ನೀರಿನಲ್ಲಿ ತೋಯ್ದಿತ್ತು. ಕೋಲು ಒದ್ದೆಯಿದ್ದರೆ ಕರೆಂಟು ಅದರಲ್ಲೇ ಇಳಿದು ಹಿಡಿದವನ ಕೈಗೆ ಬರುತ್ತದೆ ಎಂದು ಗುರುಬಸವ ಎಂದೋ ಉಣ್ಣುತ್ತ ಕೂತಾಗ ಹೇಳಿದ್ದ. ಅವಳು ಕೂತು ಸೆರಗಿನಿಂದ ಕೋಲನ್ನು ತುದಿಯಿಂದ ಬುಡದವರೆಗೆ ಒರೆಸಿದಳು, ಅರಿಶಿನ ಕುಂಕುಮ ಎಲ್ಲ ಸೆರಗಿಗೆ ಬಂತು. ಸಂತು ಬಂದು ಕೋಲನ್ನು ಬಿಸಿಲಿಗೆ ಹಿಡಿದ.

ಕಾಶಪ್ಪ ಕೈಗವಸು ತೊಟ್ಟು ಹತ್ತಿದ. ಕಂಬ ಗೋಡೌನಿನ ಎದುರಿನ ಓಣಿಯಲ್ಲೇ ಇದ್ದದ್ದರಿಂದ ಎಲ್ಲರಿಗೂ ಕಾಣುತ್ತಿತ್ತು. ತಂತಿಗಿಂತ ಕೆಳಗೆ, ಏಣಿಯ ತುದಿಯಲ್ಲಿ ನಿಂತು ಬೆಲ್ಟಿನ ಪಟ್ಟಿಯನ್ನು ಕಂಬದ ಸುತ್ತ ತಂದು ಎರಡೂ ಕೊಕ್ಕೆಗಳನ್ನು ಸಿಕ್ಕಿಸಿದ. ಟಕ್, ಟಕ್ ಎಂದಿತು. ಮೆಲ್ಲಗೆ ಹಿಂದಕ್ಕೆ ಭಾರ ಬಿಟ್ಟ. ಬೆಲ್ಟು ಅವನನ್ನು ಹಿಡಿದುಕೊಂಡಿತು. ಕಂಬ ಅಪ್ಪಿಕೊಂಡಿದ್ದ ಎಡಗೈ ಬಿಟ್ಟ. ಇಷ್ಟು ವರ್ಷದಲ್ಲಿ ಮೊದಲ ಸಲ ಕಂಬದ ಮೇಲೆ ಅವನ ಎರಡೂ ಕೈ ಖಾಲಿ ಇದ್ದವು. ಎಡಗೈಗೆ ಏನು ಮಾಡಬೇಕೆಂದು ತಿಳಿಯದೆ ಅದು ಸ್ವಲ್ಪ ಹೊತ್ತು ಗಾಳಿಯಲ್ಲಿ ಸುಮ್ಮನೆ ಇತ್ತು. ಆಮೇಲೆ ಅದೇ ಕೈಯಲ್ಲಿ ಅವನು ಮೂಗಿನ ಬೆವರು ಒರೆಸಿಕೊಂಡ.

ಕೆಳಗಿನಿಂದ ಸಂತು ಕೋಲನ್ನು ಅವನ ಕೈಗೆ ಕೊಟ್ಟು, ಅದರ ಕೇಬಲ್ಲನ್ನು ನೆಲಕ್ಕೆ ಹೂತ ಸರಳಿಗೆ ಬಿಗಿದು ಹ್ಞೂಂ ಅಂದ. ಲೈನ್ ಬಂದ್ ಆಗಿದೆ, ನೂರಕ್ಕೆ ನೂರು ಬಂದ್ ಎಂದು ಸುಹಾಸ ಫೋನು ಎತ್ತಿ ತೋರಿಸಿದ. ಕಾಶಪ್ಪ ಎರಡೂ ಕೈಯಲ್ಲಿ ಕೋಲು ಹಿಡಿದು ಅದರ ಕೊಕ್ಕೆಯನ್ನು ತಂತಿಗೆ ತೂಗುಹಾಕಿದ.

ಚಟಾರ್ ಎಂದು ನೀಲಿ ಕಿಡಿ ಹಾರಿತು. ಗುಡ್ಡದ ಮೇಲೆ ಜನರೇಟರ್ ಒಮ್ಮೆ ಕೆಮ್ಮಿ ನಿಂತುಹೋಯಿತು. ಹಾಡೂ ನಿಂತಿತು.

ನಾಗವ್ವ ಗಟಾರದ ಕಲ್ಲಿನ ಕಡೆ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಮೇಲೆ ಕಾಶಪ್ಪನಿಗೂ ಅಳು ಬಂತು. ಭಾವನಿಗೆ ಈ ಕೋಲು, ಈ ಬೆಲ್ಟು ಯಾಕೆ ಇರಲಿಲ್ಲ ಎಂದು ಅಳು ಬಂತು, ತಾನು ಬದುಕಿದ್ದೇನೆ ಎಂದೂ ಬಂತು. ಸುಹಾಸನ ಫೋನು ರಿಂಗಾಯಿತು. ಜನರೇಟರ್ ಯಾಕೆ ನಿಂತಿತು ಎಂದು ಮಂಡಳಿಯವರು ಕೇಳುತ್ತಿದ್ದರು.

"ಆಯ್ತಲ್ಲ ಮಾರಾಯ," ಅಂದ ಸುಹಾಸ ತುಸು ಮೆತ್ತಗಾಗಿ. "ಈಗ ಬೇಗ ಜೋಡಿಸಿ ಇಳಿ. ಬೆಲ್ಟ್ ಮತ್ತೆ ಅಲ್ಲೇ ಇಡುವ. ಮೇಡಂ ಸ್ವಲ್ಪ ಗೋಮೂತ್ರ ತರಿಸ್ತಾರೆ."

ಕಾಶಪ್ಪ ಕಣ್ಣು ಒರೆಸಿಕೊಂಡ. ಬೆಲ್ಟಿನಲ್ಲಿ ಹಿಂದಕ್ಕೆ ಒರಗಿದ.

"ಸಂತೂಗೊಂದು ಬೆಲ್ಟ್ ತರಸ್ರಿ," ಅಂದ. "ಅಂವಾ ಕಟಗೊಂಡದ್ದು ನೋಡ್ತೀನಿ, ಆಮ್ಯಾಲ ತಂತಿ ಕೂಡಸ್ತೀನಿ."

ಸುಹಾಸ ಮೊದಲು ನಕ್ಕ. ಆಮೇಲೆ ಅವ್ವ ಅಕ್ಕ ಎಲ್ಲರನ್ನೂ ಸೇರಿಸಿ ಬೈದ, ಪೊಲೀಸರ ಹೆಸರು ಹೇಳಿದ, ನಾಳೆಯಿಂದ ಮೂರು ಜನರ ಕೆಲಸವೂ ಇಲ್ಲ ಎಂದ. ಮಂಡಳಿಯ ನಾಲ್ಕೈದು ಜನ ಹೊಸ ಕುರ್ತಾ ಹಾಕಿಕೊಂಡು ಗುಡ್ಡ ಇಳಿದು ಬಂದು ಕತ್ತೆತ್ತಿ ನಿಂತರು. ಅವರನ್ನು ನೋಡಿದ ಮೇಲೆ ಸುಹಾಸ ಸಂತುವಿನ ಕಾಲರ್ ಹಿಡಿದು ಏಣಿಯ ಕಡೆ ನೂಕಿದ. ಹತ್ತು, ಆ ಸೂಳೇಮಗನ ಬಕಲ್ ಬಿಚ್ಚಿ ಕೆಳಗೆ ಎಳಕೊಂಡು ಬಾ ಎಂದ.

ಸಂತು ಏಣಿಯ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟ. ಮೇಲೆ ನೋಡಿದ. ಕಾಶಪ್ಪನ ಅಂಗಾಲುಗಳು ಕಂಡವು. ಕಾಲು ಕೆಳಗಿಟ್ಟ. ನಾಗವ್ವ ಏಣಿಯ ಒಂದು ಬದಿ ಹಿಡಿದು ನಿಂತಿದ್ದಳು, ಅವನು ಇನ್ನೊಂದು ಬದಿ ಹಿಡಿದ. ಕಾಶಪ್ಪ ಕಂಬಕ್ಕೆ ಬಿಗಿದ ಕಬ್ಬಿಣದ ಪಟ್ಟಿಯ ಮೇಲೆ ಕಾಲೂರಿ, ಬೆಲ್ಟಿಗೆ ಭಾರ ಕೊಟ್ಟು, ಏಣಿಯಿಂದ ಪಾದ ಎತ್ತಿಕೊಂಡ. ಇಬ್ಬರೂ ಸೇರಿ ಏಣಿಯನ್ನು ಇಳಿಸಿ ರಸ್ತೆಯ ಮೇಲೆ ಅಡ್ಡ ಮಲಗಿಸಿದರು. ನಾಗವ್ವ ಅದರ ಮೇಲೆ ಕೂತಳು. ಸಂತು ಅವಳ ಪಕ್ಕ ಕೂತು ಕಿವಿಯಿಂದ ಬೀಡಿ ತೆಗೆದು ಹಚ್ಚಿದ.

"ಮ್ಯಾಲ ಬರ್ರಿ ಸಾಹೇಬ್ರ," ಅಂದ ಕಾಶಪ್ಪ. "ಬೆಲ್ಟ್ ನನ್ನ ನಡದಾಗ ಐತಿ. ಬಂದು ಬಿಚ್ಚಿಕೊಂಡು ಹೋಗ್ರಿ."

ಮಂಡಳಿಯವರು ಸುಹಾಸನನ್ನು ನೋಡಿದರು. ಸುಹಾಸ ಕಂಬದ ಹತ್ತಿರ ಹೋಗಿ ಎರಡೂ ಕೈಯಿಂದ ಅದನ್ನು ಹಿಡಿದು ಮೇಲೆ ನೋಡಿದ. ಆಮೇಲೆ ಕೈ ಬಿಟ್ಟು, ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ.