ಸೋಮವಾರಕ್ಕೆ ಉಳಿದ ಪ್ರಿಂಟರ್

ವಿದ್ಯಾವತಿಯವರು ಪ್ರಿಂಟರಿಗೆ ಹಾಳೆ ತುಂಬುತ್ತಿದ್ದರು. ಕಟ್ಟನ್ನು ಒಮ್ಮೆ ಗಾಳಿಗೆ ಬಿಡಿಸಿ, ಮೇಜಿಗೆ ಕುಟ್ಟಿ ಅಂಚು ಸರಿಮಾಡಿ, ಆಮೇಲೆ ಇಡಬೇಕು; ಹಾಗೆ ಕಲಿಸಿದವನು ಸುಧಾಕರ. ಎರಡನೆಯ ಸಲ ಕುಟ್ಟುವಷ್ಟರಲ್ಲಿ ಜವಾನ ಪೀರಪ್ಪ ಬಾಗಿಲಿಗೆ ಬಂದು ನಿಂತ.

“ಬಿಡ್ರಿ ಮೇಡಂ ಅದನ್ನ. ಸುಧಾಕರ ಹೋಗಿಬಿಟ್ಟ.”

“ಎಲ್ಲಿಗಿ? ಇವತ್ತ ನನ್ನ ಕಂಪ್ಯೂಟರಿಗಿ ಪ್ರಿಂಟರ್ ಜೋಡಸ್ತೀನಿ ಅಂದಿದ್ದ.”

“ನಿನ್ನಿ ರಾತ್ರಿ ಊಟ ಆದಮ್ಯಾಲ ಎದಿ ಹಿಡಕೊಂಡು ಕುಂತನಂತ್ರಿ. ದವಾಖಾನಿ ಮುಟ್ಟಲಿಲ್ಲ. ಹನ್ನೊಂದಕ್ಕ ಮಣ್ಣು, ಕಮಲಾಪುರದಾಗ.”

ವಿದ್ಯಾವತಿಯವರ ಕೈಯಲ್ಲಿ ಹಾಳೆಗಳು ಹಾಗೆಯೇ ಉಳಿದವು.

ಕೋಟನೂರದ ಕಡೆಯ ಆ ಕಚೇರಿ ತೊಗರಿ ಬೆಳೆಗಾರರ ಒಂದು ಸಹಕಾರ ಸಂಘದ್ದು. ನಾಲ್ಕು ಕಂಪ್ಯೂಟರುಗಳು, ನಾಲ್ಕೂ ಹಳೆಯವು. ಸದಸ್ಯರ ದಾಖಲೆಯ ಪ್ರೋಗ್ರಾಮು ಆ ಹಳೆಯ ವಿಂಡೋಸ್ ಬಿಟ್ಟು ಬೇರೆ ಯಾವುದರಲ್ಲೂ ತೆರೆಯುತ್ತಿರಲಿಲ್ಲ. ಅವುಗಳನ್ನು ಹದಿನಾಲ್ಕು ವರ್ಷ ನಡೆಸಿಕೊಂಡು ಬಂದವನು ಸುಧಾಕರ. ದಿನಗೂಲಿಯವನಾಗಿ ಸೇರಿದ್ದ, ದಿನಗೂಲಿಯವನಾಗಿಯೇ ಹೋದ. ಕಚೇರಿಯ ಮೇಲ್ವಿಚಾರಕಿ ವಿದ್ಯಾವತಿಯವರಿಗೆ ನಿವೃತ್ತಿ ಇನ್ನು ಎಂಟು ತಿಂಗಳು.

ಜೀಪು ಹುಮನಾಬಾದ್ ರಸ್ತೆ ಹಿಡಿದಾಗ ಪೀರಪ್ಪ ತಡೆದುಕೊಳ್ಳಲಾರದೆ ಮಾತು ತೆಗೆದ.

“ಖಾಯಂ ಮಾಡ್ರಿ ಅಂತ ಒಂದು ಶಿಫಾರಸು ಪತ್ರ ಬೋರ್ಡಿಗಿ ಮುಟ್ಟಿದ್ರ ಸಾಕಿತ್ರಿ, ಹೆಂಡತಿಗರ ಕೆಲಸ ಕೇಳಬಹುದಿತ್ತು. ಯಾರ ಕೈಯಾಗ ಸಿಕ್ಕೊಂಡು ಕುಂತದೋ ಏನೋ.”

ವಿದ್ಯಾವತಿಯವರು ಕಿಟಕಿಯ ಆಚೆ ನೋಡಿದರು. ಆ ಪತ್ರ ಯಾರ ಕೈಯಲ್ಲಿ ಕೂತಿದೆ ಎಂದು ಅವರೊಬ್ಬರಿಗೇ ಗೊತ್ತಿತ್ತು.

*

ಮೂರು ವರ್ಷದ ಹಿಂದೆ ನಾಲ್ಕು ಕಂಪ್ಯೂಟರಿಗೂ ಸೇರಿ ಒಂದೇ ದೊಡ್ಡ ಪ್ರಿಂಟರ್ ಬಂದಿತ್ತು. ತಂದವನು ವೈರು ಜೋಡಿಸಿ, ಹಳೆಯ ವಿಂಡೋಸ್ ನೋಡಿ ಕೈಚೆಲ್ಲಿಬಿಟ್ಟ. “ಇದಕ್ಕ ಬೇಕಾದ ಸಾಫ್ಟ್‌ವೇರ್ ಈಗ ಬರೂದೇ ಇಲ್ರಿ. ಕಂಪ್ಯೂಟರ್ ಬದಲಿ ಮಾಡ್ರಿ.”

ಸುಧಾಕರ ಬೆನ್ನು ಮುರಿದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಎರಡು ದಿನ ಕೂತ. ಕಂಪ್ಯೂಟರಿನ ನೆತ್ತಿ ತಟ್ಟುತ್ತ, “ಸಿಟ್ಟಾಗಬ್ಯಾಡೋ ಮುದುಕಾ, ಹೊಸಬಾ ಬಂದಾನ, ಮಾತಾಡ್ಸು” ಎನ್ನುತ್ತಿದ್ದ. ಎರಡನೆಯ ದಿನ ಮಧ್ಯಾಹ್ನ, ಕಂಪ್ಯೂಟರಿಗೆ ಗೊತ್ತಿದ್ದ, ಅದೇ ಕಂಪನಿಯ ಹಳೆಯ ಪ್ರಿಂಟರೊಂದರ ಹೆಸರನ್ನು ಹೊಸದಕ್ಕೆ ಹಚ್ಚಿದ. ಹಾಳೆ ಸರ್ರನೆ ಬಂತು. ಚೀಲದಿಂದ ಕಮಲಾಪುರದ ಕೆಂಪು ಬಾಳೆಹಣ್ಣು ತೆಗೆದು ಎಲ್ಲರಿಗೂ ಹಂಚಿದ.

ಆ ಖುಷಿಯಲ್ಲೇ ವಿದ್ಯಾವತಿಯವರು ಒಂದೊಂದೇ ಅಕ್ಷರ ಹುಡುಕಿ ಶಿಫಾರಸು ಪತ್ರ ಟೈಪು ಮಾಡಿದರು. ಪ್ರಿಂಟ್ ಒತ್ತುವ ಮುಂಚೆ ಬೆರಳು ನಿಂತಿತು. ಖಾಯಂ ಆದವರನ್ನು ಮೊದಲ ಎರಡು ವರ್ಷ ಯಾದಗಿರಿಯ ಶಾಖೆಗೆ ಹಾಕುವುದು ಸಂಘದ ವಾಡಿಕೆ. ಇವನು ಹೋದರೆ ಈ ಮುದುಕರನ್ನು ಯಾರು ಮಾತಾಡಿಸಬೇಕು? ಈ ಮಾರ್ಚಿನ ಲೆಕ್ಕವೊಂದು ಮುಗಿಯಲಿ ಎಂದು ಪತ್ರವನ್ನು ಕಂಪ್ಯೂಟರಿನ ಒಳಗೇ ಉಳಿಸಿ ಮುಚ್ಚಿದರು. ಆ ಮಾರ್ಚ್ ಮುಗಿಯಿತು. ಮುಂದಿನದೂ ಮುಗಿಯಿತು.

*

ಮನೆಯ ಮುಂದೆ ಬಿಳಿ ಬಟ್ಟೆಯ ಜನ. ಬುದ್ಧ, ಬಾಬಾಸಾಹೇಬರ ಪಟಗಳ ಮುಂದೆ ಮೇಣದಬತ್ತಿ ಉರಿಯುತ್ತಿದ್ದವು. ಸುಧಾಕರ ಮೈತುಂಬ ಬಿಳಿ ಹೊದ್ದು ಮಲಗಿದ್ದ. ತಾಯಿ ಸಾಬಮ್ಮ ತಲೆಯ ಹತ್ತಿರ ಕೂತಿದ್ದಳು.

“ಯಾರವ್ವಾ ನೀ?”

“ನಾ ವಿದ್ಯಾವತಿ. ಆಫೀಸಿನಾಕಿ.”

ಮುದುಕಿ ಕೈ ಹಿಡಿದಳು. “ಫೋನಿನ ಮೇಡಂ ನೀನೇನ! ಲಗ್ನದ ದಿನ ಕೊರಳಾಗ ಮಾಲಿ ಹಾಕ್ಕೊಂಡು ನಿಂತಾನ, ನಿನ್ನ ಫೋನ್ ಬಂತು. ‘ಹಿಂದಿನ ವೈರ್ ಕಿತ್ತಿ ಮತ್ತ ಹಾಕ್ರಿ ಮೇಡಂ’ ಅಂತ ಹೇಳ್ಕೋತ ಕುಂತ. ಮಂತ್ರ ಹೇಳೋ ಭಂತೇಜಿನೂ ಸುಮ್ನ ಕುಂತ್ರು.”

ಪಕ್ಕದಲ್ಲಿ ಕೂತಿದ್ದ ಸುಧಾಕರನ ಚಿಕ್ಕಮ್ಮ ಹಣಮಮ್ಮ ಸೆರಗು ಬಾಯಿಗಿಟ್ಟಳು. “‘ಲಗ್ನ ಮಶೀನಿಂದೋ ನಿಂದೋ’ ಅಂತ ನಾವೆಲ್ಲ ಚಾಷ್ಟಿ ಮಾಡಿದ್ವಿ. ‘ಇಬ್ಬರ್ದೂ ರೀ ಚಿಗವ್ವಾ, ಜೋಡಿ ಲಗ್ನ’ ಅಂದನಲ್ಲೇ ಸಾಬವ್ವ!”

ನಾಲ್ಕಾರು ಹೆಂಗಸರು ನಕ್ಕರು. ನಗು ಅರ್ಧಕ್ಕೇ ಅಳುವಾಯಿತು. ವಿದ್ಯಾವತಿಯವರಿಗೆ ನಗಲೂ ಆಗಲಿಲ್ಲ, ಅಳಲೂ ಆಗಲಿಲ್ಲ.

ಆಗ ಹೆಂಡತಿ ಕಾವೇರಿ ಒಳಗಿನಿಂದ ಕರೆದಳು. ಅವಳ ಕಣ್ಣು ಒಣಗಿದ್ದವು. ಕೈಯಲ್ಲಿ ಮಗಳ ಹಳೆಯ ನೋಟಬುಕ್ಕು.

“ಶುಕ್ರವಾರ ನಿಮ್ಮ ಕಂಪ್ಯೂಟರಿಗಿ ವಿಂಡೋಸ್ ಹೊಸದಾಗಿ ಹಾಕ್ಯಾರಲ್ರಿ, ನಿಮ್ಮ ಕಾಗದ ಎಲ್ಲ ತೆಗೆದಿಟ್ಟು, ತಿರುಗಿ ಹಾಕ್ಯಾರ. ಅದರಾಗ ಇವರ ಹೆಸರಿಂದೊಂದು ಶಿಫಾರಸು ಪತ್ರ ಇತ್ತಂತ. ಮೂರು ವರ್ಷದ ಹಿಂದಿಂದು.”

ಕಾವೇರಿ ನೋಟಬುಕ್ಕನ್ನು ವಿದ್ಯಾವತಿಯವರ ಕೈಗಿಟ್ಟಳು.

“ನನಗ ಮೈಯೆಲ್ಲ ಉರೀತು. ಇವರು ನಕ್ಕರು. ‘ಬರದಾರಲ್ಲ ಕಾವೇರಿ, ಸುಮ್ನ ಬರೀತಾರೇನು? ನಾ ಹೋದ್ರ ಪ್ರಿಂಟರ್ ನಿಲ್ಲತದ ಅಂತ ಅಂಜಿಕಿ ಅದ ಅವರಿಗಿ. ಆ ಅಂಜಿಕಿ ತೆಗೆದ್ರ ತಾವೇ ಕಳಸ್ತಾರ’ ಅಂದ್ರು. ನಿನ್ನಿ ಪೂರಾ ದಿನ ಕುಂತು ಇದನ್ನ ಬರದ್ರು. ಚಾ ಆರಿ ಕೆನಿ ಕಟ್ಟಿತ್ತು. ಇವತ್ತ ನಿಮ್ಮ ಕೈಯಾಗ ಕೊಡವರಿದ್ರು.”

“ಕಾವೇರಿ, ನಾ…”

“ಈಗೇನೂ ಹೇಳಬ್ಯಾಡ್ರಿ. ಹೊರಗ ಎತ್ತಾಕತ್ತಾರ.”

ಶರಣ ಮಂತ್ರದ ದನಿ ಓಣಿಯುದ್ದಕ್ಕೂ ಸಾಗಿತು. ಗುಂಡಿಯ ಹತ್ತಿರ ಎಲ್ಲರೂ ಮಣ್ಣು ಹಾಕಿ ಸರಿದರು. ವಿದ್ಯಾವತಿಯವರು ಮಣ್ಣು ಹಿಡಿದ ಮುಷ್ಟಿ ಬಿಚ್ಚದೆ ನಿಂತೇ ಇದ್ದರು. ಪೀರಪ್ಪ ಮೆಲ್ಲಗೆ, “ಬಿಡ್ರಿ ಮೇಡಂ” ಎಂದ.

*

ಕಚೇರಿಗೆ ಮರಳಿದಾಗ ಮೂರು ಗಂಟೆ. ಇಬ್ಬರ ಕಾಲಲ್ಲೂ ಮಣ್ಣಿತ್ತು. ವಿದ್ಯಾವತಿಯವರು ಕಂಪ್ಯೂಟರಿನಲ್ಲಿ ಆ ಪತ್ರ ತೆರೆದು ಪೀರಪ್ಪನಿಗೆ ತೋರಿಸಿದರು. ಅವನು ಬಹಳ ಹೊತ್ತು ಓದಿದ. ಬೈಯಲಿಲ್ಲ. ಕಳಿಸಿದ ಕಾಗದಗಳನ್ನು ಬರೆದಿಡುವ ಜಾವಕದ ರಿಜಿಸ್ಟರು ತಂದು ಮೇಜಿನ ಮೇಲೆ ಹಾಕಿದ.

“ಹಳೇ ತಾರೀಖೇ ಇರ್ಲಿ. ಆ ವರ್ಷದ್ರಾಗ ನಡುವ ಒಂದು ಸಾಲು ಖಾಲಿ ಅದ, ಅಲ್ಲೇ ಬರೀರಿ. ನೀವೂ ಉಳೀತೀರಿ, ಆಕಿನೂ ಉಳೀತಾಳ.”

ವಿದ್ಯಾವತಿಯವರು ಆ ಖಾಲಿ ಸಾಲನ್ನು ನೋಡಿದರು. ಆಸೆ ಆಗಲಿಲ್ಲ ಎಂದಲ್ಲ.

“ಬೋರ್ಡಿನವರು ತಪಾಸ ಮಾಡಿದ್ರ ಮೊದಲು ಹೋಗೂದು ಕಾವೇರಿ ಕೆಲಸ. ನಂದ ಹೋಗ್ಲಿ ಬಿಡು.”

“ಪೆನ್ಶನ್ ತಡೀತಾರ್ರಿ ಮೇಡಂ.”

“ತಡೀಲಿ.”

ಪತ್ರದ ಕೆಳಗೆ ಸೇರಿಸಿದರು: ಈ ಶಿಫಾರಸು ಮೂರು ವರ್ಷದ ಹಿಂದೆಯೇ ಸಿದ್ಧವಿತ್ತು. ನನ್ನ ಅನುಕೂಲಕ್ಕಾಗಿ ನಾನೇ ತಡೆದೆ. ಸುಧಾಕರ ನಿನ್ನೆ ತೀರಿಕೊಂಡಿದ್ದಾನೆ. ತಪ್ಪು ಅವನದಲ್ಲ, ನನ್ನದು. ಅವನ ಪತ್ನಿ ಕಾವೇರಿಗೆ ಕೆಲಸ ಕೊಡಬೇಕು.

ಪ್ರಿಂಟ್ ಒತ್ತಿದರು. ಯಾವ ಪ್ರಿಂಟರೂ ಇಲ್ಲ ಎಂದಿತು ಕಂಪ್ಯೂಟರು.

ನೋಟಬುಕ್ಕು ಬಿಚ್ಚಿದರು. ಅವನು ಮಾತಾಡಿದಂತೆಯೇ ಬರೆದಿದ್ದ: ‘ಮೊದಲು ಚಾ ಕುಡೀರಿ. ಪ್ರಿಂಟರ್ ಸೇರಿಸು ಅಂತ ಇದ್ದಲ್ಲಿ ಒತ್ರಿ. ಲೋಕಲ್ಲೋ ನೆಟ್‌ವರ್ಕೋ ಅಂತ ಕೇಳ್ತದ. ನಮ್ಮದು ನೆಟ್‌ವರ್ಕಿನಾಗೇ ಅದ, ಆದ್ರೂ ಲೋಕಲ್ ಅಂತೇ ಒತ್ರಿ. ಸುಳ್ಳು ಅನಸ್ತದ, ಆದರ ಹಾದಿ ಅದೇ.’

ಅವಸರದಲ್ಲಿ ನೆಟ್‌ವರ್ಕ್ ಎಂದೇ ಒತ್ತಿದರು. ಕಂಪ್ಯೂಟರು ಹುಡುಕುತ್ತ ಹುಡುಕುತ್ತ ನಿಂತಿತು. ಹಿಂದೆ ಬಂದು ಮತ್ತೆ ಶುರು ಮಾಡಿದರು. ‘ಹೊಸ ಪೋರ್ಟ್ ಅಂತ ಆರಿಸ್ರಿ. ಅಲ್ಲಿ ಪ್ರಿಂಟರಿನ ನಂಬರ್ ಹಾಕ್ರಿ. ನಾಕು ತುಂಡು ಅದ, ನಡುವ ಚುಕ್ಕಿ. ಕಾಮಾ ಹಾಕಬ್ಯಾಡ್ರಿ, ಹೋದ ವರ್ಷ ಹಾಕಿದ್ರಿ.’ ಪೀರಪ್ಪ ನಂಬರ್ ಓದಿದ, ಅವರು ಒತ್ತಿದರು. ‘ಹೊಸ ಹೆಸರು ಹುಡುಕಬ್ಯಾಡ್ರಿ, ಸಿಗೂದಿಲ್ಲ. ಹಳೇ ಹೆಸರು ಕೆಳಗ ಬರದೀನಿ.’

ಕೊನೆಯ ಸಾಲು ಪುಟದ ಅಡಿಯಲ್ಲಿತ್ತು. ಪೀರಪ್ಪ ಅದನ್ನು ಜೋರಾಗಿ ಓದಲು ಹೊರಟು, ಆಗದೆ, ಪುಸ್ತಕವನ್ನು ಅವರ ಕಡೆ ತಿರುಗಿಸಿದ.

‘ಇಷ್ಟಾದ ಮ್ಯಾಲೂ ಬರಲಿಲ್ಲಂದ್ರ ಫೋನ್ ಮಾಡ್ರಿ. ಯಾದಗಿರಿಯಾಗ ಇದ್ರೂ ಎತ್ತತೀನಿ.’

ವಿದ್ಯಾವತಿಯವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೆಳಗಿನಿಂದ ತಡೆದದ್ದೆಲ್ಲ ಆಗ ಬಂತು. ಪೀರಪ್ಪ ಹೊರಗೆ ಹೋಗಿ ಜೀಪಿನ ಹತ್ತಿರ ನಿಂತ.

ಸ್ವಲ್ಪ ಹೊತ್ತಿಗೆ ಒಳಗೆ ಪ್ರಿಂಟರಿನ ಸದ್ದಾಯಿತು.

ಅಂಚೆ ಕಚೇರಿಯ ಕೌಂಟರ್ ಮುಚ್ಚಲು ಹತ್ತು ನಿಮಿಷವಿತ್ತು. ಕೂತಿದ್ದಾಕೆ ಲಕೋಟೆ ತೂಗಿ, ಹಿಂದೆ ಮುಂದೆ ತಿರುಗಿಸಿದಳು.

“ಕಳಿಸವರ ಹೆಸರು ಬರದಿಲ್ಲಲ್ರಿ ಅಮ್ಮಾ.”

ವಿದ್ಯಾವತಿಯವರು ಪೆನ್ನು ಇಸಿದುಕೊಂಡು, ಹೆಸರು, ಹುದ್ದೆ, ಮನೆಯ ವಿಳಾಸ ಎಲ್ಲವನ್ನೂ ದುಂಡಗೆ ಬರೆದರು. ಅವರ ಉಗುರಿನ ಸಂದಿಯ ಕೆಂಪು ಮಣ್ಣು ಲಕೋಟೆಯ ಮೂಲೆಗೆ ಹತ್ತಿತು. ಒರೆಸಲು ಹೋದರೆ ಇನ್ನಷ್ಟು ಹರಡಿತು.

“ಇರ್ಲಿ ಬಿಡ್ರಿ,” ಎಂದು ಆಕೆ ಲಕೋಟೆ ಎಳೆದುಕೊಂಡು, ಅದರ ಮೇಲೆ ಇವತ್ತಿನ ತಾರೀಖಿನ ಮೊಹರು ಕುಟ್ಟಿದಳು.