ಚೆಂದದ ಬೀದಿಯಲ್ಲಿ ಗಾಳಿಯಪ್ಪ

"ಅಲ್ಲಾಡಬೇಡ್ವೋ, ಅಲ್ಲಾಡಬೇಡ್ವೋ ಅಂತ ಬಾಯಿ ಬಡ್ಕೊಂಡ್ರೂ ಒಂದು ದಿನ ನನ್ನ ಕತ್ತಿ ಕೆಳಗೆ ಸುಮ್ನೆ ಕೂತೋನಲ್ಲ. ಇವತ್ತು ನೋಡು, ಎಂಥಾ ಮರ್ಯಾದಸ್ಥ!"

ಸಲೂನಿನವನು ಗೆಳೆಯನ ಗಲ್ಲದ ಮೇಲಿನ ನೊರೆಯನ್ನು ಒಂದೇ ಎಳೆತಕ್ಕೆ ಬಳಿದು ತೆಗೆದು ಕತ್ತಿಯನ್ನು ಕಾಗದಕ್ಕೆ ಒರೆಸಿದ. ಗೆಳೆಯ ಹಿಂದಿನ ಸಂಜೆಯೇ ಸತ್ತಿದ್ದ. ಕೋಣೆ ಎಷ್ಟು ಚಿಕ್ಕದೆಂದರೆ ಅಳಲು ಬಂದವರು ಸರದಿಯಲ್ಲಿ ಒಳಗೆ ಬಂದು, ಅತ್ತು, ಮುಂದಿನವರಿಗೆ ಜಾಗ ಬಿಟ್ಟು ಹೋಗಬೇಕಾಗಿತ್ತು.

ಸತ್ತವನನ್ನು ಎಲ್ಲರೂ ಕರೆಯುತ್ತಿದ್ದುದು ಗಾಳಿಯಪ್ಪ ಎಂದು. ರಸ್ತೆಯ ಮೂಲೆಯೊಂದರಲ್ಲಿ ಸೈಕಲ್ಲು, ಬೈಕು, ಕಾರುಗಳಿಗೆ ಗಾಳಿ ಹೊಡೆದು, ಪಂಕ್ಚರ್ ಹಾಕಿ ಸಂಸಾರ ಉರುಳಿಸಿದವನು. ಗಾಳಿ ಮಾರಿಕೊಂಡು ಬದುಕಿದರೂ ಗಾಳಿಮಾತು ಆಡದವನು.

"ಮೀಸೆ ಹಾಗೇ ಇರ್ಲಿ ಅಣ್ಣ," ಎಂದಳು ಗಾಳಿಯಪ್ಪನ ಹೆಂಡತಿ. "ಅಧ್ಯಕ್ಷರಿಗೆ ಫೋನ್ ಮಾಡಿದ್ರಾ?"

"ಮಾಡ್ದೆ ಅತ್ತಿಗೆ." ಸಲೂನಿನವನು ಹೊಟ್ಟೆ ಮುಂದೆ ಮಾಡಿ, ಗಂಟಲು ಸರಿಪಡಿಸಿಕೊಂಡ. ಬೀದಿ ಸಮಿತಿಯ ಅಧ್ಯಕ್ಷರೇ ಬಂದು ಕೋಣೆಯಲ್ಲಿ ನಿಂತಂತಾಯಿತು. "ನೋಡೀ... ದುಃಖ ನಮಗೂ ಇದೆ. ಆದರೆ ದುಃಖ ಬೇರೆ, ವ್ಯವಸ್ಥೆ ಬೇರೆ. ಇವತ್ತು ಬೀದಿಗಳ ಸ್ಪರ್ಧೆ. ತೀರ್ಪುಗಾರರು ಬರ್ತಾರೆ. ಶವದ ಗಾಡಿ ನಮ್ಮ ಬೀದಿಲಿ ಹೋಗಬಾರದು ಅಂತ ನಾನು ಹೇಳಲ್ಲ. ನಿಲ್ಲಬಾರದು ಅಷ್ಟೆ. ಶವ ಅಂದ್ಮೇಲೆ... ಚಲನಶೀಲವಾಗಿರಬೇಕು!"

ಬಾಗಿಲಲ್ಲಿದ್ದವರು ನಗು ನುಂಗಿಕೊಂಡರು. ಹೆಂಡತಿ ನಗಲಿಲ್ಲ.

"ಅವರು ಕೇಳಿದ್ದು ಅದೊಂದೇ. ಹೋಗೋ ದಿನ ನನ್ನನ್ನ ಆ ಮೂಲೇಲಿ ಒಂದು ಗಳಿಗೆ ನಿಲ್ಸು ಅಂತ. ಬದುಕಿದ್ದಾಗ ನಿಲ್ಲಬೇಡ ಅಂದ್ರು. ಹೆಣಕ್ಕೂ ನಿಲ್ಲಬೇಡ ಅಂದ್ರೆ ಹೇಗೆ?"

"ಬಿಡಮ್ಮ," ಎಂದಳು ಮಗಳು. "ಅಪ್ಪಂಗೆ ಇನ್ನು ಯಾವ ಮೂಲೆಯಾದರೇನು?"

"ನೀನು ನಡೆಯೋಕೆ ಕಲ್ತಿದ್ದೇ ಆ ಮೂಲೇಲಿ, ಟೈರು ಹಿಡ್ಕೊಂಡು. ನಿನಗೆಲ್ಲಿ ನೆನಪಿರುತ್ತೆ?"

"ಹೇಗಾದ್ರೂ ಮಾಡಿ ನಿಲ್ಸೋಣ ಅತ್ತಿಗೆ," ಎಂದ ಸಲೂನಿನವನು.

"ನೀವು ಸುಮ್ನಿರಿ ಅಣ್ಣ. ಅವತ್ತು ಸಭೇಲಿ ನೀವೂ ಕೈ ಎತ್ತಿದ್ರಿ."

ಸಲೂನಿನವನು ಬಗ್ಗಿ, ಗೆಳೆಯನ ಕಿವಿಯ ಹಿಂದೆ ಉಳಿದಿದ್ದ ನೊರೆಯನ್ನು ಬೆರಳಿನಿಂದ ಒರೆಸಿದ.

*

'ಚೆಂದದ ಬೀದಿ' ಕಾರ್ಯಕ್ರಮ ಶುರುವಾದಾಗ ಮೊದಲು ಸೇರಿದವನು ಗಾಳಿಯಪ್ಪನೇ. ಸುಳ್ಳೇಕೆ, ಕಾರ್ಯಕ್ರಮದಿಂದ ಒಳ್ಳೆಯದೂ ಆಯಿತು. ಮೂಗು ಮುಚ್ಚಿಕೊಂಡು ದಾಟುತ್ತಿದ್ದ ಕಸದ ರಾಶಿ ಹೋಯಿತು, ದೀಪ ಬಂತು, ಬೆಂಚು ಬಂತು, ಬೆಂಚಿನ ಮೇಲೆ ಕೂತು ಸೊಸೆಯಂದಿರನ್ನು ಬೈಯುವ ಅತ್ತೆಯರೂ ಬಂದರು. ಮೋರಿಯಲ್ಲಿ ಹೂತುಹೋಗಿದ್ದ ಮುರುಕು ಗಾಡಿಯನ್ನು ಎದೆಮಟ್ಟ ಕೊಚ್ಚೆಯಲ್ಲಿಳಿದು ಎಳೆದುಹಾಕಿದವನು ಗಾಳಿಯಪ್ಪ. ಉದ್ಘಾಟನೆಯ ದಿನ ಬೆಳಗಿನಿಂದ ಕೂತು, ಸೈಕಲ್ ಪಂಪಿನಲ್ಲೇ ಬಲೂನುಗಳನ್ನೆಲ್ಲ ಊದಿಕೊಟ್ಟ.

"ಈ ಬೀದಿಯ ಉಸಿರೇ ನಮ್ಮ ಗಾಳಿಯಪ್ಪ!" ಎಂದು ಅಧ್ಯಕ್ಷರು ಮೈಕಿನಲ್ಲಿ ಹೇಳಿದರು. ಚಪ್ಪಾಳೆ ಬಿತ್ತು.

ಮುಂದಿನ ಸಭೆಯಲ್ಲಿ ಪಾದಚಾರಿಗಳ ಜಾಗ ಪಾದಚಾರಿಗಳಿಗೇ ಇರಬೇಕೆಂಬ ಮಾತು ಬಂತು. ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಒಪ್ಪಿದವರು ಕೈ ಎತ್ತಿ ಎಂದರು. ಸ್ವಂತ ಬಾಗಿಲಿರುವ ಅಂಗಡಿಯವರೆಲ್ಲ ಎತ್ತಿದರು. ಗಾಳಿಯಪ್ಪ ಮೂಲೆ ಖಾಲಿ ಮಾಡಬೇಕೆಂದಾಯಿತು.

ಅದಾದ ಮೇಲೆ ಒಬ್ಬಳು ಹುಡುಗಿ ಕ್ಯಾಮೆರಾ ಹಿಡಿದು ಬಂದು, ಗಾಳಿಯಪ್ಪನನ್ನು ಪಂಪಿನ ಪಕ್ಕದಲ್ಲಿ ಕೂರಿಸಿ ಫೋಟೋ ತೆಗೆದಳು. ಸಮಿತಿಯವರು ಬೇರೆ ಜಾಗದ ಪರವಾನಗಿ ಚೀಟಿ ಕೊಡುತ್ತಾರೆ, ಫೋಟೋ ಅದಕ್ಕೇ ಇರಬೇಕು ಎಂದುಕೊಂಡು ಅವನು ಒಗೆದ ಅಂಗಿ ಹಾಕಿಕೊಂಡಿದ್ದ. ಚೀಟಿಗೆ ಕಾಯುತ್ತಲೇ ಸಾಮಾನು ಎತ್ತಿದ. ಬಾಡಿಗೆಯೂ ಏರಿತು, ಚೆಂದದ ಬೀದಿಯ ಹಿತ್ತಲ ಕೋಣೆಗೂ ಚೆಂದದ ಬಾಡಿಗೆ. ಊರಾಚೆ ಈ ಕೋಣೆ ಹಿಡಿದರು. ಇಲ್ಲಿ ಗಾಳಿ ಬೇಕಾದಷ್ಟಿತ್ತು, ಗಾಳಿ ಹೊಡೆಸಿಕೊಳ್ಳುವವರಿರಲಿಲ್ಲ.

ಒಂದು ದಿನ ಹಳೆಯ ಮೂಲೆಗೆ ಹೋಗಿಬಂದವನು ನಗುತ್ತ, ಕೆಮ್ಮುತ್ತ ಒಳಗೆ ಬಂದ.

"ಲೇ, ಚೀಟಿಗಲ್ವೇ ಆ ಫೋಟೋ, ಗೋಡೆಗೆ! ನಾನು ಕೂರ್ತಿದ್ದ ಜಾಗದ ಹಿಂದೇನೇ ನನ್ನ ಚಿತ್ರ ಬರ್ದಿದಾರೆ, ಆಳೆತ್ತರ. ಏನು ಮೈ ಬಂದಿದೆ ಅಂತೀಯ! ನೀನು ಹಾಕೋ ಊಟಕ್ಕಿಂತ ಗೋಡೆ ಊಟಾನೇ ಚೆನ್ನಾಗಿ ಹಿಡಿದಿದೆ."

"ಮತ್ತೆ? ಜನ ಏನಂದ್ರು?"

"ಜನ... ಇಬ್ಬರು ಹುಡುಗೀರು ಚಿತ್ರದ ಜೊತೆ ಫೋಟೋ ತೆಕ್ಕೊಳ್ತಿದ್ರು. 'ಅಜ್ಜ, ಸ್ವಲ್ಪ ಆಚೆ ಹೋಗ್ತೀರಾ, ಅಡ್ಡ ಬರ್ತೀರ' ಅಂದ್ರು. ಹೋದೆ."

ಆಮೇಲೆ ಅವನು ಆ ಕಡೆ ಹೋಗಲಿಲ್ಲ.

*

ಬೀದಿಯ ಬಾಯಲ್ಲಿ ಸರಪಳಿ ಕಟ್ಟಿದ್ದರು. ಕಾವಲಿನವನು ಅದನ್ನು ಬಿಚ್ಚುವಾಗ ಶವದ ಗಾಡಿ ನಿಂತಿತು. ಸಲೂನಿನವನು ಮುಂದಿನ ಸೀಟಿನಿಂದಿಳಿದು, ಚಪ್ಪಲಿ ಸರಿಮಾಡಿಕೊಳ್ಳುವವನಂತೆ ಹಿಂದಿನ ಚಕ್ರದ ಬಳಿ ಕುಕ್ಕರಿಸಿದ. ಗಾಳಿ ತುಂಬುವ ವಿದ್ಯೆ ಗೆಳೆಯನದು. ಬಿಡುವ ವಿದ್ಯೆ ಇವನದು. ವಾಲ್ವಿನ ಪಿನ್ನು ಸಡಿಲಿಸಿ ಎದ್ದ.

ಚೆಂದದ ಬೀದಿ ನಿಜಕ್ಕೂ ಚೆಂದವಿತ್ತು. ಕುಂಡಗಳಲ್ಲಿ ಹೂವು, ಕಂಬಗಳಿಗೆ ಬಣ್ಣ. ಗಾಡಿ ಕುಂಟುತ್ತ, ಕುಂಟುತ್ತ, ಮೂಲೆಗೆ ಸರಿಯಾಗಿ ಬಂದು ಒಂದು ಪಕ್ಕಕ್ಕೆ ಕುಸಿದು ನಿಂತಿತು. ಗೋಡೆಯ ಮೇಲೆ ಗಾಳಿಯಪ್ಪ ಪಂಪು ಹಿಡಿದು ನಗುತ್ತಿದ್ದ. ಕೆಳಗೆ 'ನಮ್ಮ ಬೀದಿಯ ಹೆಮ್ಮೆ' ಎಂದಿತ್ತು.

ಹೆಂಡತಿ ಹಿಂದಿನ ಬಾಗಿಲನ್ನು ಒಳಗಿನಿಂದ ತಳ್ಳಿ ತೆರೆದಳು. "ಬಂದ್ವಿ ನೋಡ್ರೀ," ಎಂದು ಮೆಲ್ಲಗೆ ಹೇಳಿದಳು.

ಅಷ್ಟು ದೂರದಲ್ಲಿ ಇಬ್ಬರು ತೀರ್ಪುಗಾರರಿಗೆ ಬೆಂಚು ತೋರಿಸುತ್ತಿದ್ದ ಅಧ್ಯಕ್ಷರು ಬಿಳಿ ಬಟ್ಟೆಯಲ್ಲಿ ಓಡಿಬಂದರು.

"ಯಾಕ್ರೀ ನಿಲ್ಸಿದ್ದು? ಮಾತು ಏನಾಗಿತ್ತು?"

"ಗಾಳಿ ಹೋಗಿದೆ ಸಾರ್," ಎಂದ ಚಾಲಕ.

"ಸ್ಟೆಪ್ನಿ ಹಾಕ್ರೀ!"

"ಅದು ಹೋದ ವಾರವೇ ಹೋಗಿದೆ."

"ಥೂ ನಿಮ್ಮ! ಇಷ್ಟು ದೊಡ್ಡ ಬೀದೀಲಿ ಒಬ್ಬ ಪಂಕ್ಚರ್ ಹಾಕೋನೂ ಇಲ್ವೇನ್ರೀ?"

ಎಲ್ಲರೂ ಗೋಡೆಯತ್ತ ತಿರುಗಿದರು. ಹಿಂದೆ ನಡೆದುಬಂದಿದ್ದವರಲ್ಲಿ ಯಾರೋ ಮೂಗಿನಲ್ಲಿ ಕಿಸಕ್ಕೆಂದರು. ಮಗಳು ಬಾಯಿಗೆ ಸೆರಗು ಒತ್ತಿಕೊಂಡಳು. ಸಲೂನಿನವನು ಹೊಟ್ಟೆ ಹಿಡಿದುಕೊಂಡು ನಕ್ಕ, ಬೀದಿಯೇ ನಕ್ಕಿತು. ಅಧ್ಯಕ್ಷರ ಮುಖ ಒಣಗಿತು.

ಅಷ್ಟರಲ್ಲಿ ತೀರ್ಪುಗಾರ್ತಿ ಹತ್ತಿರ ಬಂದರು. "ಒಳಗಿರೋದು ಯಾರು?"

ಹೆಂಡತಿ ಗೋಡೆ ತೋರಿಸಿದಳು. "ಇವರೇ."

"ಅಯ್ಯೋ!" ತೀರ್ಪುಗಾರ್ತಿಯ ಕಣ್ಣು ಒದ್ದೆಯಾಯಿತು. "ಅವರ ಚಿತ್ರದ ಮುಂದೆಯೇ ವಿದಾಯ ಇಟ್ಕೊಂಡಿದೀರಾ? ಬೇರೆ ಯಾವ ಬೀದೀಲೂ ಇಂಥದ್ದು ನೋಡ್ಲಿಲ್ಲ!"

ಅಧ್ಯಕ್ಷರು ಗಾಡಿ ನೋಡಿದರು, ಗೋಡೆ ನೋಡಿದರು, ಸಲೂನಿನವನನ್ನು ನೋಡಿದರು. ಎಲ್ಲ ಅರ್ಥವಾಯಿತು. ಆಮೇಲೆ ನಗತೊಡಗಿದರು.

"ನಮ್ಮ ಸಮಿತಿಯದೇ ಯೋಚನೆ ಮೇಡಂ! ಜೀವಮಾನವೆಲ್ಲ ಪಂಕ್ಚರ್ ಹಾಕಿದೋನಿಗೆ ಪಂಕ್ಚರ್ ಆದ ಗಾಡೀಲೇ ಗೌರವ! ಅವನಿಗೂ ತಮಾಷೆ ಅಂದ್ರೆ ಪ್ರಾಣ."

ತೀರ್ಪುಗಾರರೂ ಕಣ್ಣೊರೆಸಿಕೊಂಡು ನಕ್ಕರು. ಕ್ಯಾಮೆರಾದವನು ಬಂದ. ಸಲೂನಿನವನ ಬಾಯಿ ತೆರೆದೇ ಇತ್ತು, ನಗು ಮಾತ್ರ ನಿಂತುಹೋಗಿತ್ತು.

"ಅಣ್ಣ, ಸಾಕು," ಎಂದಳು ಹೆಂಡತಿ ಒಳಗಿನಿಂದ. "ಇಲ್ಲಿಂದ ಕರ್ಕೊಂಡು ಹೋಗೋಣ. ತಳ್ಳಿ."

"ಎಲ್ಲರೂ ಬನ್ನಿ, ತಳ್ಳೋಣ!" ಅಧ್ಯಕ್ಷರೇ ಅಂಗಿಯ ತೋಳು ಮಡಚಿ ಹಿಂದಿನ ಬಾಗಿಲು ಮುಚ್ಚಿ, ಅದಕ್ಕೆ ಭುಜ ಕೊಟ್ಟರು. ಪಕ್ಕದಲ್ಲಿ ಸಲೂನಿನವನೂ ತಲೆ ತಗ್ಗಿಸಿ ಭುಜ ಕೊಟ್ಟ.

"ಸಾರ್, ಈ ಕಡೆ ನೋಡಿ ಇನ್ನೊಂದ್ಸಲ ನಗಿ!" ಎಂದ ಕ್ಯಾಮೆರಾದವನು.

ಚಪ್ಪಟೆ ಟೈರು ನೆಲಕ್ಕೆ ಬಡಿಯುತ್ತ ಗಾಡಿ ಕದಲಿತು. ಒಳಗೆ ಹೆಂಡತಿ, ಹೊರಳುತ್ತಿದ್ದ ಗಂಡನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಮುಚ್ಚಿದ ಬಾಗಿಲಾಚೆ, ಎಲ್ಲರ ನಗುವನ್ನೂ ಮೀರಿ, ಅಧ್ಯಕ್ಷರ ನಗು ಗಾಡಿಯನ್ನು ತಳ್ಳುತ್ತ ಬರುತ್ತಿತ್ತು.