ಮಧ್ಯಾಹ್ನದ ಬಿಡುವು

"ಅಮ್ಮ, ಇವತ್ತು ಸಮೀಕ್ಷಾ ಮನೇಲಿ ಲಂಚ್" ಎಂದ ಆದಿತ್ಯ, ಬ್ಯಾಗನ್ನು ಸರಳಾಳ ಕೈಗೆ ತುರುಕಿ, ಅವಳು ಹೂಂ ಅನ್ನುವುದಕ್ಕೂ ಕಾಯದೆ ಓಡಿದ. ಶಾಲೆಯ ಗೇಟಿನಾಚೆ ಈಶ್ವರಪ್ಪ ಸೈಕಲ್ ಹಿಡಿದು ನಿಂತಿದ್ದ. ತನ್ನ ಮಗಳು ಸಮೀಕ್ಷಾಳನ್ನು ಕ್ಯಾರಿಯರ್ ಮೇಲೆ, ಆದಿತ್ಯನನ್ನು ಸೀಟಿನ ಮೇಲೆ ಕೂರಿಸಿ, ಸೈಕಲ್ಲನ್ನು ತಳ್ಳಿಕೊಂಡು ಹೊರಟೇಬಿಟ್ಟ. ಸರಳಾ ಮನೆಗೆ ಬಂದು, ಇಬ್ಬರಿಗೆಂದು ಮಾಡಿಟ್ಟಿದ್ದ ಸಾರನ್ನದ ಮುಂದೆ ಒಬ್ಬಳೇ ಕೂತಳು.

ಈಶ್ವರಪ್ಪ ಗದಗಿನ ಕಡೆಯವನು. ಇಲ್ಲಿ, ಡಚ್ಚರ ನಾಡಿನ ಹೇಗ್ ನಗರದ ಒಂದು ಇಂಡಿಯನ್ ಹೋಟೆಲಿನಲ್ಲಿ ಅಡುಗೆಯವನು. ಎರಡು ಗಂಟೆಗೆ ಒಲೆಯ ಮುಂದೆ ನಿಂತರೆ ಅವನು ಪಕ್ಕದ ಊರು ರೈಸ್‌ವೈಕ್‌ನ ಮನೆಗೆ ಮರಳುವ ಹೊತ್ತಿಗೆ ಮಗಳು ಮಲಗಿರುತ್ತಾಳೆ. ಬೆಳಿಗ್ಗೆ ಅವಳು ಶಾಲೆಗೆ ಹೊರಡುವಾಗ ಅವನು ಏಳುವ ಸ್ಥಿತಿಯಲ್ಲಿರುವುದಿಲ್ಲ. ಹೆಂಡತಿ ವಾಸಂತಿ ಲಾಡ್ಜಿನಲ್ಲಿ ರೂಮು ಚೊಕ್ಕ ಮಾಡುವ ಕೆಲಸಕ್ಕೆ ಹೋಗುತ್ತಾಳೆ. ಹಾಗಾಗಿ ಮಕ್ಕಳು ಮನೆಗೆ ಹೋಗಿ ಉಂಡು ಬರಲೆಂದು ಶಾಲೆ ಕೊಡುವ ಮಧ್ಯಾಹ್ನದ ಬಿಡುವೊಂದೇ ಅಪ್ಪ ಮಗಳಿಗೆ ಸಿಗುವ ಹೊತ್ತು. ಆ ಹೊತ್ತಿನಲ್ಲಿ ಸರಳಾಳ ಮಗನಿಗೇನು ಕೆಲಸ?

ಒಂದು ದಿನ ಅವನನ್ನು ಕರೆತರಲು ಹೋದವಳು ಅವರ ಪರದೆಯಿಲ್ಲದ ದೊಡ್ಡ ಕಿಟಕಿಯ ಹೊರಗೆ ನಿಂತು ನೋಡಿದ್ದಳು. ಈಶ್ವರಪ್ಪ ರೊಟ್ಟಿ ಮುರಿದು, ಎಣ್ಣೆಗಾಯಿಯಲ್ಲಿ ಅದ್ದಿ, ಒಂದು ತುತ್ತು ಮಗಳಿಗೆ, ಒಂದು ತುತ್ತು ಇವನಿಗೆ ಕೊಡುತ್ತಿದ್ದ. ಮನೆಯಲ್ಲಿ ಬ್ರೆಡ್ಡು, ಅದರ ಮೇಲೆ ಉದುರಿಸಿದ ಚಾಕೊಲೇಟ್ ಚೂರು ಬಿಟ್ಟರೆ ಬೇರೆ ಯಾವುದಕ್ಕೂ ಬಾಯಿ ತೆರೆಯದ ಮಗರಾಯ ಹಕ್ಕಿಮರಿಯ ಹಾಗೆ ಬಾಯಿ ಕಳೆದಿದ್ದ. ಬಾಗಿಲು ತೆರೆದಾಗ ಇನ್ನೊಂದು ಮಾತು ಕಿವಿಗೆ ಬಿತ್ತು: "ಇನ್ನಷ್ಟ ಕೊಡ್ರಿ, ಅಂಕಲ್." ಅವಳು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಡಚ್ಚಿನಲ್ಲೇ ಉತ್ತರ ಕೊಡುವ ಹುಡುಗ! ಅವತ್ತು ಹತ್ತಿದ ಹೊಟ್ಟೆಯುರಿ ಆರಲೇ ಇಲ್ಲ. ಗಂಡ ಹರಿಪ್ರಸಾದನಿಗೆ ಹೇಳಿದರೆ, "ತಿಂತಾನಲ್ಲ, ಬಿಡು. ಇದೊಂದು ಇಶ್ಯೂನಾ?" ಅಂದ. ಮಗ ಬಿಟ್ಟು ಓಡಿದ್ದು ಅವನನ್ನಲ್ಲವಲ್ಲ, ಅವನಿಗೇನು ಗೊತ್ತು.

ಆದಿತ್ಯ ಬ್ಯಾಗು ತುರುಕಿ ಓಡಿದ ಆ ಮಂಗಳವಾರ ಸಂಜೆಯೇ ಅವಳು ಶಾಲೆಯವರು ಕಳಿಸಿದ್ದ ಕಾಗದಗಳನ್ನು ಬಿಡಿಸಿದಳು. ಮುಂದಿನ ನಾಲ್ಕು ವರ್ಷ ಶಾಲೆ ಹೇಗೆ ನಡೆಯಬೇಕು ಎಂಬ ಯೋಜನೆ. ಈಶ್ವರಪ್ಪನದೂ ಸೇರಿ ಇಂಗ್ಲಿಷೂ ಡಚ್ಚೂ ಬಾರದ ಮೂರು ಮನೆಗಳಿಗೆ ಅದನ್ನು ಕನ್ನಡದಲ್ಲಿ ಬರೆದು ವಾಟ್ಸಾಪ್ ಮಾಡುವ ಹೊಣೆ ಅವಳದು. ಮೈಸೂರಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು ಇಲ್ಲಿ ಯಾರಿಗಾದರೂ ಬೇಕಾಗಿದ್ದರೆ ಅದು ಈ ಒಂದು ಕೆಲಸಕ್ಕೆ. ಅಲ್ಪವಿರಾಮವನ್ನೂ ಬಿಡದೆ ಮಾಡುತ್ತಿದ್ದಳು.

ಶಾಲೆಯ ವೇಳೆಯ ಪುಟ ಬಂತು. ಅವಳು ಬರೆದಳು: "ಆಗಸ್ಟಿನಿಂದ ಮಧ್ಯಾಹ್ನದ ಬಿಡುವು ಇರುವುದಿಲ್ಲ. ಮಕ್ಕಳು ತರಗತಿಯಲ್ಲೇ ಡಬ್ಬಿ ತಿಂದು ಎರಡು ಗಂಟೆಗೆ ಮನೆಗೆ ಬರುತ್ತಾರೆ." ಮೂಲದಲ್ಲಿ ಮುಂದೆ ಇನ್ನೂ ಇತ್ತು. ಇದು ಶಾಲೆಯ ಆಲೋಚನೆ ಮಾತ್ರ, ಪಾಲಕರು ಶುಕ್ರವಾರದೊಳಗೆ ಅಭಿಪ್ರಾಯ ತಿಳಿಸಬೇಕು, ಹೆಚ್ಚಿನವರು ಬೇಡವೆಂದರೆ ಈಗಿರುವಂತೆಯೇ ಮುಂದುವರಿಯುತ್ತದೆ. ಸರಳಾ ಅದನ್ನು ಎರಡು ಸಲ ಓದಿದಳು. ಆಮೇಲೆ ಅದನ್ನು ಬರೆಯದೆ ಮುಂದಿನ ಪುಟಕ್ಕೆ ಹೋದಳು. ತಿನ್ನಲಿ, ಎಲ್ಲರೂ ಡಬ್ಬಿಯನ್ನೇ ತಿನ್ನಲಿ.

ಗುರುವಾರ ಬೆಲ್ಲಿಗೆ ಮುಂಚೆಯೇ ಈಶ್ವರಪ್ಪ ಗೇಟಿನ ಹತ್ತಿರ ಕಾಯುತ್ತಿದ್ದ.

"ಅಕ್ಕಾರ, ನೀವು ಕಳಿಸಿದ್ದು ಓದಿದ್ನಿರಿ. ನಮ್ಮ ಮಾಲಕರ್ನ ಕೇಳಿದೆ, ಟೈಮ್ ಬದ್ಲಿ ಆಗಂಗಿಲ್ಲಂತ."

"ಶಾಲೆಯವರನ್ನ ಕೇಳ್ಬೇಕು ಅನ್ನಿಸ್ಲಿಲ್ವಾ?"

"ನೀವ ಬರದೀರಿ ಅಂದಮ್ಯಾಲ ಮುಗೀತಲ್ರಿ. ಸಾಲಿ ಮಾತು ನಮಗ ನಿಮ್ಮಿಂದನ ತಿಳಿಯೂದು." ಅವನು ಕೈಗವಸು ಕಳಚಿ ಮತ್ತೆ ಹಾಕಿಕೊಂಡ. "ನಿನ್ನೆಯಿಂದ ಆಕಿಗೆ ಉಣಸೂದು ಬಿಟ್ಟೀನ್ರಿ. ಈಗಿಂದನ ರೂಢಿ ಆಗ್ಲಿ ಅಂತ. ಅತ್ಲು. ನಾ ಹೊರಗ ಹೋಗಿ ನಿಂತೆ."

ಗೆದ್ದೆ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಸರಳಾಳಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಮಕ್ಕಳನ್ನು ಇಷ್ಟು ಹಚ್ಚಿಕೊಳ್ಳಲು ಬರುವ ಈ ಮನುಷ್ಯನ ಮೇಲೆ ಸಿಟ್ಟು ಬಂತು.

"ಈಶ್ವರಪ್ಪನವರೇ, ಒಂದು ಪ್ಯಾರಾ ಬಿಟ್ಟುಹೋಗಿದೆ" ಎಂದಳು. ತಾನಾಗಿಯೇ ಎದ್ದು ಹೋಯಿತೇನೋ ಎಂಬಂತೆ! "ಇದಿನ್ನೂ ಡಿಸೈಡ್ ಆಗಿಲ್ಲ. ನಮ್ಮೆಲ್ಲರ ಒಪೀನಿಯನ್ ಕೇಳಿದಾರೆ. ನಾಳೆನೇ ಲಾಸ್ಟ್."

ಅವನು ಅವಳನ್ನೇ ನೋಡಿದ. ಬಯ್ಯಲಿಲ್ಲ. "ಹಂಗಾದ್ರ ನಂದೂ ಹಾಕ್ರಿ" ಎಂದ.

ಉಳಿದೆರಡು ಮನೆಗಳಿಗೂ ಬಿಟ್ಟುಹೋದದ್ದನ್ನು ಅಲ್ಲೇ ನಿಂತು ಕಳಿಸಿ, ಸರಳಾ ಬೆಂಚಿನ ಮೇಲೆ ಕೂತು ಮೊಬೈಲಿನಲ್ಲಿ ಶಾಲೆಯ ಪುಟ ತೆರೆದಳು. ಅವನು ಹೇಳುತ್ತಾ ಹೋದ, ಅವಳು ಡಚ್ಚಿನಲ್ಲಿ ಬರೆಯುತ್ತಾ ಹೋದಳು. ಹೆಂಡತಿ ಕೆಲಸಕ್ಕೆ ಹೋಗುತ್ತಾಳೆ. ಮಗಳೊಂದಿಗೆ ನನಗೆ ಸಿಗುವುದು ಈ ಬಿಡುವು ಮಾತ್ರ. ದಯವಿಟ್ಟು ತೆಗೆಯಬೇಡಿ.

"ಇನ್ನೊಂದು ಮಾತೈತ್ರಿ. ನೀವು ತಪ್ಪು ತಿಳೀಬಾರ್ದು."

"ಹೇಳಿ."

"ನಮ್ಮನ್ಯಾಗ ಇನ್ನೊಂದು ಕೂಸು ಉಣ್ತದ. ಅದು ತನ್ನ ಮನಿಯಾಗ ಏನೂ ಉಣ್ಣಂಗಿಲ್ಲಂತ. ನಾ ಕೈಲೆ ಕೊಟ್ರ ಎರಡ ರೊಟ್ಟಿ ಉಣ್ತದ. ಇದು ಬರದ್ರ ಸಾಲಿಯವ್ರಿಗೆ ತಿಳೀತದೇನೋ ಅಂತ." ಅವಳ ಬೆರಳು ನಿಂತದ್ದು ಕಂಡು, "ಬ್ಯಾಡಾದ್ರ ಬಿಡ್ರಿ" ಎಂದ.

"ಬೇಡ ಯಾಕೆ" ಎಂದಳು ಸರಳಾ. ಬರೆದಳು.

"ಕನ್ನಡದಾಗ ಒಮ್ಮೆ ಓದಿ ಹೇಳ್ರಿ, ಅಕ್ಕಾರ."

ಅವಳು ಮೊದಲಿನಿಂದ ಓದಿದಳು. ಮಗಳ ಕುರಿತ ಮಾತು ಮುಗಿಯಿತು. "ಇನ್ನೊಂದು ಮಗುವೂ ನಮ್ಮ ಮನೆಯಲ್ಲಿ ಉಣ್ಣುತ್ತದೆ" ಎಂದು ಓದಿ, ಉಸಿರೆಳೆದುಕೊಂಡು, "ಅದು ತನ್ನ ಮನೆಯಲ್ಲಿ ಏನೂ ಉಣ್ಣುವುದಿಲ್ಲ. ನಾನು ಕೈಯಾರೆ ಕೊಟ್ಟರೆ ಎರಡು ರೊಟ್ಟಿ ಉಣ್ಣುತ್ತದೆ" ಎಂದು ಓದಿದಳು.

ಬೆಲ್ ಹೊಡೆಯಿತು. ಒಳಗಿನಿಂದ ಮಕ್ಕಳ ಗದ್ದಲ ಕೇಳಿಸಿತು.

"ಬರೋಬ್ಬರಿ ಐತಲ್ರಿ?"

"ಹೂಂ, ಸರಿಯಾಗಿದೆ" ಎಂದು ಸರಳಾ, ಬಾಗಿಲ ಕಡೆ ನೋಡದೆ, ಕಳಿಸುವ ಗುಂಡಿ ಒತ್ತಿದಳು.